ಹಂಪಣ್ಣನವರ ಆಶ್ವಾಸನೆಗಳ ಮಣ್ಣು

ನಿಜಾಮರ ಸರ್ಕಾರ ಹೋಗಿ ಆರು ತಿಂಗಳು ತುಂಬಿರಲಿಲ್ಲ, ದೇವದುರ್ಗದಲ್ಲಿ ಭಾಷಣಗಳ ಸುಗ್ಗಿ ಶುರುವಾಯಿತು. ಚುನಾವಣೆ ಯಾವಾಗ ಅಂತ ಯಾರಿಗೂ ಗೊತ್ತಿರಲಿಲ್ಲ. ಚುನಾವಣೆ ಅಂದರೆ ಏನು ಅಂತಲೂ ಬಹಳ ಮಂದಿಗೆ ಗೊತ್ತಿರಲಿಲ್ಲ. ಆದರೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮ ಜಿಲ್ಲೆಯವರನ್ನು ಮೀರಿಸುವವರಿಲ್ಲ. ನೋಡನೋಡುತ್ತಲೇ ಎರಡು ಪಕ್ಷ ಹುಟ್ಟಿಕೊಂಡವು. ರಾಯಚೂರಿನ ಅಕ್ಕಿ ಗಿರಣಿಯ ಮಾಲೀಕ ಹಂಪಣ್ಣನವರದು ಸುಧಾರಣಾ ಪಕ್ಷ. ಮಾನ್ವಿಯ ಹತ್ತಿ ವ್ಯಾಪಾರಿ ಶಂಭುಲಿಂಗಪ್ಪನವರದು ಗ್ರಾಮಸೇವಾ ಪಕ್ಷ. ಇಬ್ಬರೂ ಖಾದಿ ಅಂಗಿ ಹೊಲಿಸಿದ್ದು ರಾಯಚೂರಿನ ಒಬ್ಬನೇ ದರ್ಜಿಯ ಹತ್ತಿರ. ಎರಡು ಪಕ್ಷಕ್ಕೂ ವ್ಯತ್ಯಾಸ ಏನು ಅಂತ ಕೇಳಿದರೆ ಆ ದರ್ಜಿಯೂ ಸೊಂಟದ ಅಳತೆ ನೋಡಿಯೇ ಹೇಳಬೇಕಿತ್ತು.

ಮೊದಲು ದೇವದುರ್ಗಕ್ಕೆ ಬಂದವರು ಹಂಪಣ್ಣನವರು. ಸಂತೆ ಬಯಲಿನಲ್ಲಿ ಎರಡು ಚಕ್ಕಡಿ ಜೋಡಿಸಿ ವೇದಿಕೆ ಮಾಡಿದ್ದರು. ಹಂಪಣ್ಣನವರು ಒಳ್ಳೆಯ ಮನುಷ್ಯ. ಬಾಯಿ ತೆರೆದರೆ ಮಾತ್ರ ತಾವೇ ತಮ್ಮ ಕೈಗೆ ಸಿಗುತ್ತಿರಲಿಲ್ಲ. ಕೃಷ್ಣೆಗೆ ಸೇತುವೆ ಕಟ್ಟಿಸುತ್ತೇನೆ ಅಂದರು, ಜನ ಚಪ್ಪಾಳೆ ತಟ್ಟಿದರು. ಮನೆಮನೆಗೂ ಕರೆಂಟಿನ ದೀಪ ಅಂದರು. ಹೈಸ್ಕೂಲು ಅಂದರು. ತಾಸಿಗೊಂದು ಮೋಟಾರು ರಾಯಚೂರಿಗೆ ಅಂದರು. ಇಷ್ಟಕ್ಕೇ ಶಾಲು ಸರಿಮಾಡಿಕೊಂಡು ಕೆಳಗಿಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಜನರ ಹಿಂದೆ, ದೂರದಲ್ಲಿ, ಬಿಸಿಲಲ್ಲಿ, ಊರ ಹೊರಗಿನ ಕೇರಿಯ ಹೆಂಗಸರು ತಲೆಯ ಮೇಲೆ ಖಾಲಿ ಕೊಡ ಹೊತ್ತು ನಿಂತಿದ್ದು ಕಣ್ಣಿಗೆ ಬಿತ್ತು. ಭಾಷಣಕಾರನಿಗೆ ಅಂಥ ನೋಟ ಕಂಡ ಮೇಲೆ ಸುಮ್ಮನಿರುವುದು ಸಾಧ್ಯವೇ? ಊರಾಚೆಯ ತಗ್ಗಿನಲ್ಲಿದ್ದ ಬೇವಿನ ಗಿಡಕ್ಕೆ ಬೆರಳು ಮಾಡಿ ಕೂಗಿದರು:

"ಆ ಬೇವಿನ ಗಿಡದ ಬುಡದಾಗ ಕೇರಿ ಮಂದಿಗೆ ಅವರದ ಒಂದು ಬಾವಿ ತೋಡಸ್ತೀನಿ!"

ವೇದಿಕೆಯ ಮೇಲೆ ಕೂತಿದ್ದ ಊರ ಗೌಡರಿಗೆ ಬಾಯೊಳಗಿನ ಎಲೆ ಅಡಿಕೆ ಗಂಟಲಿಗೆ ಸಿಕ್ಕಿತು. ಅದನ್ನು ಕಂಡು ಹಂಪಣ್ಣನವರು ಮಾತು ಮುಗಿಸಿದರು. ಮೋಟಾರು ಏರುವಷ್ಟರಲ್ಲಿ ಬಾವಿಯನ್ನು ಮರೆತೂಬಿಟ್ಟರು.

ಮರೆಯದೆ ಇದ್ದವಳು ದುರುಗಮ್ಮ. ಕೇರಿಯವಳು. ಸುತ್ತಿನ ಊರುಗಳಲ್ಲಿ ಯಾರೇ ಸತ್ತರೂ ಹಾಡಿ ಅಳಲು ಅವಳನ್ನೇ ಕರೆಯುತ್ತಿದ್ದರು. ನಮ್ಮ ಕಡೆ ಹೆಣ ಹೂಳುವುದಕ್ಕೆ ಮಣ್ಣು ಅನ್ನುತ್ತಾರೆ. ಜಾಲಹಳ್ಳಿಯಿಂದ ಚಂದ್ರಬಂಡದವರೆಗೆ ಅವಳು ಅಳದ ಮಣ್ಣಿಲ್ಲ. ಸತ್ತವನು ಎಂಥ ಜುಗ್ಗನೇ ಆಗಿರಲಿ, ದುರುಗಮ್ಮ ಹೆಣದ ಮುಂದೆ ಕೂತು ದನಿ ಎತ್ತಿದರೆ ದಾನಶೂರನಾಗಿಬಿಡುತ್ತಿದ್ದ. ಅವನ ಹೆಂಡತಿಗೇ ಇದು ನಮ್ಮವರ ಬಗ್ಗೆಯೇ ಹೌದೋ ಅಲ್ಲವೋ ಅಂತ ಅನುಮಾನ ಬರುತ್ತಿತ್ತು. ದುರುಗಮ್ಮನ ಗಂಡ ಗದ್ದೆಪ್ಪ ಹೆಣ ಹೂಳುವ ಕುಣಿ ಕಡಿಯುವವನು. ಗಂಡ ಹೆಂಡತಿ ಇಬ್ಬರಿಗೂ ಇದು ಊರು ಹೊರಿಸಿದ ಹಿರಿಯರ ಕಾಲದ ಕೆಲಸ. ಬೇಡ ಅನ್ನುವಂತಿರಲಿಲ್ಲ.

ಊರಿನ ಎಲ್ಲ ಸಾವಿಗೂ ಬೇಕಾದವಳು ಊರಿನ ಬಾವಿಗೆ ಮಾತ್ರ ಬೇಡ. ಊರ ಅಗಸಿ ಬಾಗಿಲ ಹತ್ತಿರದ ಬಾವಿಕಟ್ಟೆಯಿಂದ ದೂರ, ಕೊಡ ಮುಂದಿಟ್ಟುಕೊಂಡು ಕೇರಿಯ ಹೆಂಗಸರು ಕೂರಬೇಕು. ಮೇಲಿನ ಓಣಿಯ ಯಾರಾದರೂ ಮನಸ್ಸು ಮಾಡಿ, ಸೇದಿ, ಮೇಲಿನಿಂದ ಸುರಿಯಬೇಕು. ಚನ್ನಮಲ್ಲಮ್ಮ ಬಂದರೆ ಪುಣ್ಯ. ಗೌಡರ ತಮ್ಮನ ಹೆಂಡತಿ, ದೊಡ್ಡ ಬಾಯಿಯ ಹೆಂಗಸು. ಬೈಯುತ್ತಲೇ ಎಲ್ಲರ ಕೊಡ ತುಂಬಿಸುತ್ತಿದ್ದಳು. ಅವಳು ಬಾರದ ದಿನ ಮಧ್ಯಾಹ್ನದವರೆಗೂ ಕಾಯುವುದು. ಬೇಸಿಗೆಯಲ್ಲಿ ಅದೂ ಇಲ್ಲದೆ ಹಳ್ಳದ ಮರಳು ತೋಡಿ ಒಸರಿದ್ದನ್ನು ಬೊಗಸೆಯಲ್ಲಿ ತುಂಬಿಕೊಳ್ಳುವುದು.

ಆ ವರ್ಷ ದುರುಗಮ್ಮನ ಸೊಸೆ ಗೋಪಮ್ಮ ತುಂಬು ಬಸುರಿ. ಯುಗಾದಿಯ ಆಸುಪಾಸಿಗೆ ಹೆರಿಗೆ. ಬಾಣಂತಿಗೆ ದಿನಾ ಎರೆಯಬೇಕು, ಮೈ ಕೆಂಪಾಗುವ ಹಾಗೆ ಬಿಸಿನೀರು ಸುರಿಯಬೇಕು. ಹಿಂದಿನ ಬೇಸಿಗೆಯಲ್ಲಿ ತನ್ನ ಮಗಳು ಹೆರಿಗೆಗೆ ಬಂದಾಗ ದುರುಗಮ್ಮ ಹಳ್ಳದ ರಾಡಿ ನೀರಲ್ಲಿ, ಚರಿಗೆ ಲೆಕ್ಕದಲ್ಲಿ ಎರೆದಿದ್ದಳು. ಮಗಳು ನಡುಗುತ್ತ ಕೂತಿದ್ದಳು. ದುರುಗಮ್ಮ ಅದನ್ನು ಮರೆತಿರಲಿಲ್ಲ. ಹಂಪಣ್ಣನವರ ಬೆರಳು ಬೇವಿನ ಗಿಡ ತೋರಿಸಿದ ದಿನದಿಂದ ಅವಳು ಆ ಗಿಡದ ಬುಡ ಗುಡಿಸತೊಡಗಿದಳು.

ಇತ್ತ ಮಾನ್ವಿಯಲ್ಲಿ ಗ್ರಾಮಸೇವಾ ಪಕ್ಷಕ್ಕೆ ನಿದ್ದೆ ಹತ್ತಲಿಲ್ಲ. ಹಂಪಣ್ಣನ ಆಶ್ವಾಸನೆಗಳನ್ನು ಖಂಡಿಸಲೇಬೇಕು ಅಂತ ಶಂಭುಲಿಂಗಪ್ಪನವರು ಕರಪತ್ರ ಅಚ್ಚು ಹಾಕಿಸಿದರು. ಸೇತುವೆಗೆ ಕಲ್ಲು ಎಲ್ಲಿಂದ ತರುತ್ತಾರೆ? ತಮ್ಮ ಗಿರಣಿಯಲ್ಲೇ ಕಂದೀಲು ಹಚ್ಚುವವರು ಮನೆಮನೆಗೆ ಕರೆಂಟು ಕೊಡುತ್ತಾರೆಯೇ? ಹೀಗೆ ಒಂದೊಂದಕ್ಕೂ ಒಂದು ಏಟು. ಬಾವಿಯ ಬಗ್ಗೆ ಮಾತ್ರ ಕರಪತ್ರ ತುಟಿ ಬಿಚ್ಚಲಿಲ್ಲ. ಬಾವಿ ಬೇಕು ಅಂದರೆ ಮೇಲಿನ ಓಣಿ ಮುನಿಯುತ್ತದೆ, ಬೇಡ ಅಂದರೆ ಕೇರಿ ಮುನಿಯುತ್ತದೆ. ಎರಡೂ ಕಡೆ ವೋಟು ಇವೆಯಂತೆ ಅನ್ನುವ ಸುದ್ದಿ ಆಗಲೇ ಬಂದಿತ್ತು. ಆದರೆ ಕರಪತ್ರ ಕನ್ನಡದ್ದು, ಊರಲ್ಲಿ ಸಾಲಿ ಕಲಿತ ನಾಲ್ಕು ಮಂದಿ ಕಲಿತದ್ದು ಉರ್ದು. ಖಂಡನೆಯೆಲ್ಲ ಸಂತೆಯಲ್ಲಿ ಮಿರ್ಚಿ ಭಜಿ ಕಟ್ಟಲು ಹೋಯಿತು. ಜನ ತಿಂದು ಬೆರಳು ಒರೆಸಿ ಎಸೆದರು.

ಆಗ ಪಕ್ಷದ ದೇವದುರ್ಗದ ಕಾರ್ಯದರ್ಶಿ ಮುದುಕಪ್ಪನಿಗೆ ಒಂದು ಉಪಾಯ ಹೊಳೆಯಿತು. ಹಂಪಣ್ಣನ ಆಶ್ವಾಸನೆಗಳ ಹೆಣ ಎತ್ತಿಬಿಡೋಣ! ಓದಲು ಬಾರದಿದ್ದರೇನು, ಹೆಣದ ಹಿಂದೆ ಹೋಗಲು ಯಾರಿಗೆ ಬರುವುದಿಲ್ಲ? ಮುದುಕಪ್ಪ ಹೆಸರಿಗಷ್ಟೇ ಮುದುಕ, ವಯಸ್ಸು ಮೂವತ್ತೂ ಇಲ್ಲ, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನೇರ ದುರುಗಮ್ಮನ ಗುಡಿಸಲಿಗೆ ಬಂದ.

"ದುರುಗವ್ವಾ, ಒಂದು ಮಣ್ಣದ. ಅಳಾಕ ಬರಬೇಕು."

"ಅಯ್ಯ ಶಿವನ! ಯಾರು ಹೋದ್ರಿ?"

"ಹಂಪಣ್ಣಾರು ಕೊಟ್ಟ ಮಾತು."

"ಮಾತು ಹೆಂಗ ಸಾಯ್ತಾವ್ರಿ?"

"ರಾಜಕೀಯದಾಗ ಸಾಯ್ತಾವ. ಸೇತುವಿ, ದೀಪ, ಸಾಲಿ, ಮೋಟಾರು, ಎಲ್ಲಾ ಹೋದ್ವು."

"ಎಷ್ಟು ವಯಸ್ಸಾಗಿತ್ರಿ?"

"ಹುಟ್ಟೇ ಇಲ್ಲಬೇ! ಅದಕ್ಕ ಸತ್ತಾವ ಅನ್ನಾಕತ್ತೀವಿ."

"ಹುಟ್ಟದ ಸತ್ತದ್ದಕ್ಕ ಅಳು ಭಾಳ ಬೇಕ್ರಿ," ಅಂದಳು ದುರುಗಮ್ಮ. ಬೇವಿನ ಗಿಡದ ಕಡೆ ತಿರುಗಿ ಕೇಳಿದಳು: "ಬಾವೀನೂ ಸತ್ತದೇನ್ರಿ?"

"ಎಲ್ಲಾನೂ ಸತ್ತಾವ ಅಂದ್ನೆಲ್ಲ. ಹಂಪಣ್ಣಾರನ್ನ ಚೆಂದಾಗಿ ಬೈದು ಅಳಬೇಕು ನೋಡು. ಒಂದು ಸೀರಿ ಕೊಡಸ್ತೀನಿ."

ದುರುಗಮ್ಮ ಗುಡಿಸಲಿನೊಳಗೆ ಗೋಪಮ್ಮನ ಹೊಟ್ಟೆಯ ಕಡೆ ನೋಡಿದಳು. ಅವಳು ಅವತ್ತೇ ಹೂಟ ಹೂಡಿದ್ದಳು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಅಷ್ಟೇ. ಹುಟ್ಟಿದಾಗಿನಿಂದ ಯಾರಾದರೂ ಅವಳಿಗೆ ಕೊಟ್ಟ ಮಾತು ಅಂದರೆ ಅದೊಂದೇ. ಅದನ್ನೂ ತಿಂಗಳು ತುಂಬುವುದರೊಳಗೆ ಯಾರೋ ಕೊಂದು, ಬಂದು, ಅಳು ಅನ್ನುತ್ತಿದ್ದಾರೆ.

"ಬರ್ತೀನ್ರಿ. ಆದ್ರ ಕುಣಿ ಬೇವಿನ ಗಿಡದ ಬುಡದಾಗ ಆಗಬೇಕು."

"ಅಲ್ಲೇ ಯಾಕಬೇ?"

"ಯಾರ ಮಣ್ಣು ಅವರ ನೆಲದಾಗ ಆಗಬೇಕಲ್ರಿ. ಸೇತುವಿ ಹೊಳಿ ಮ್ಯಾಲಿಂದು, ದೀಪ ಗಾಳಿಯಾಗಿಂದು. ನೆಲ ಅಂತ ಇದ್ದದ್ದು ಬಾವಿಗೊಂದ. ಹಂಪಣ್ಣಾರ ಬೆರಳು ಮಾಡಿ ತೋರಿಸ್ಯಾರ."

ಮುದುಕಪ್ಪ ತಲೆ ಕೆರೆದುಕೊಂಡ. ಯಾರ ಹೊಲದಲ್ಲಿ ಕಡಿದರೂ ತಕರಾರು ತಪ್ಪಿದ್ದಲ್ಲ, ಕೇರಿಯ ತಗ್ಗಿನಲ್ಲಿ ಕೇಳುವವರಿಲ್ಲ. ಒಪ್ಪಿಕೊಂಡ.

ಸಂತೆಯ ದಿನ ಹೆಣ ಎದ್ದಿತು. ಎದ್ದಿತು ಅಂದರೆ ಸುಲಭಕ್ಕೆ ಏಳಲಿಲ್ಲ. ಹುಲ್ಲಿನ ಗೊಂಬೆಗೆ ಬಿಳಿ ಬಟ್ಟೆ ಸುತ್ತಿ ಬಿದಿರ ಚಟ್ಟದ ಮೇಲೆ ಮಲಗಿಸಿದ್ದರು. ಒಬ್ಬ ಹಿರಿಯರು ತಕರಾರು ತೆಗೆದರು. ಹಂಪಣ್ಣನವರು ಲಿಂಗವಂತರು, ಅವರ ಆಶ್ವಾಸನೆಗಳು ಮಲಗಿ ಹೋಗುವುದು ಹೇಗೆ? ಕೂತೇ ಹೋಗಬೇಕು. ಅರ್ಧ ತಾಸು ವಾದ ನಡೆದು, ಗೊಂಬೆಯನ್ನು ಕುರ್ಚಿಗೆ ಕಟ್ಟಿ ಕೂರಿಸಿದರು. ಕೊರಳಿಗೆ ಒಡೆದ ಕಂದೀಲು, ಮಗ್ಗುಲಿಗೆ ಹಳೇ ಮೋಟಾರು ಟಾಯರು, ತೊಡೆಯ ಮೇಲೆ ಸಾಲಿ ಹುಡುಗರ ಮುರಿದ ಪಾಟಿ, ಕಾಲ ಕೆಳಗೆ ಸೇತುವೆ ಅಂತ ಒಂದು ಹಲಗೆ. ಬಾವಿಗೆ ಅಂತ ಯಾರೂ ಏನೂ ತಂದಿರಲಿಲ್ಲ. ದುರುಗಮ್ಮ ತಾನೇ ಒಂದು ತೂತು ಕೊಡ ತಂದು ಗೊಂಬೆಯ ಕೈಗೆ ಕೊಟ್ಟಳು. ಚರ್ಮದ ಹಲಗಿ ಬಾರಿಸಿದರು. ಮಾನ್ವಿಯಿಂದ ಶಂಭುಲಿಂಗಪ್ಪನವರೇ ಬಂದು, ಸತ್ತವರ ಮನೆಯವರಂತೆ ಮುಖ ಮಾಡಿಕೊಂಡು ಮುಂದೆ ನಡೆದರು. ಸಂತೆಗೆ ಬಂದ ಊರೆಲ್ಲ ನಗುತ್ತ ಹಿಂದೆ ಹೊರಟಿತು.

ಬೇವಿನ ಗಿಡದ ಬುಡದಲ್ಲಿ ಗದ್ದೆಪ್ಪ ಮತ್ತು ಕೇರಿಯ ಗಂಡಸರು ಆಳುದ್ದ ಕುಣಿ ಕಡಿದಿದ್ದರು. ಕುರ್ಚಿ ಇಳಿಸಿದರು. ದುರುಗಮ್ಮ ಗೊಂಬೆಯ ಮುಂದೆ ಕೂತು ಸೆರಗು ಬಾಯಿಗೊತ್ತಿಕೊಂಡು ದನಿ ತೆಗೆದಳು.

"ಅಯ್ಯೋ ನನ್ನ ದೀಪಾ, ನಮ್ಮ ಮನಿ ಹೊಸ್ತಿಲ ಕಾಣೂಮುಂಚೆ ಆರಿ ಹೋದೆಲ್ಲೋ! ಅಯ್ಯೋ ನನ್ನ ಮೋಟಾರಾ, ತವರಿಗೆ ಕರಕೊಂಡು ಹೋಗ್ತೀನಂದು ನೀನ ಒಬ್ಬನ ಹೋದೆಲ್ಲೋ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಂಭುಲಿಂಗಪ್ಪನವರ ಮೀಸೆಯೂ ಕುಣಿಯಿತು. ದುರುಗಮ್ಮ ತೂತು ಕೊಡವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ದನಿ ಇಳಿಯಿತು.

"ಯವ್ವಾ ನನ್ನ ಬಾವೀ... ನೀ ಇದ್ದಿದ್ರ ನಾ ಯಾರ ಕಟ್ಟಿ ಮುಂದ ಕುಂದರತಿದ್ದಿಲ್ಲವ್ವಾ. ನನ್ನ ಮಗಳು ಬಾಣಂತಿ, ರಾಡಿ ನೀರು ಮೈಮ್ಯಾಲೆ ಹಾಕ್ದೆ, ಗಡಗಡ ನಡುಗಿದ್ಲು. ನೀ ಇದ್ದಿದ್ರ ಹಂಡೆ ತುಂಬಸ್ತಿದ್ದೆ, ಬೆನ್ನು ತಿಕ್ಕತಿದ್ದೆ. ಸೊಸಿಗೆ ದಿನ ತುಂಬ್ಯಾವ, ಏನ್ ಹಾಕಿ ಎರೀಲೇ ಯವ್ವಾ? ಹೆಸರು ಹೇಳಿ ಕರದ್ರು, ಹೊಸ್ತಿಲ ತನಕ ಬಂದಿ, ಒಳಗ ಬರಲಾರದ ಹೋದಿ..."

ನಗು ನಿಂತುಹೋಯಿತು. ಮಣ್ಣಿನ ಹಾಡಿಗೆ ಒಂದು ಗುಣವಿದೆ. ಯಾರ ಹೆಸರಿಗೇ ಅಳಲಿ, ಕೇಳುವವರಿಗೆ ತಮ್ಮವರೇ ನೆನಪಾಗುತ್ತಾರೆ. ಮೇಲಿನ ಓಣಿಯ ಹೆಂಗಸರು ನಗಲು ಬಂದವರು ಮೂಗು ಒರೆಸಿಕೊಳ್ಳತೊಡಗಿದರು. ದೂರ ನಿಂತಿದ್ದ ಚನ್ನಮಲ್ಲಮ್ಮ ಹೋ ಅಂತ ಅತ್ತೇಬಿಟ್ಟಳು.

ಮುದುಕಪ್ಪ ಗಾಬರಿಯಾಗಿ ಬಗ್ಗಿ ಪಿಸುಗುಟ್ಟಿದ. "ಬೈಯಬೇ, ಹಂಪಣ್ಣನ್ನ ಬೈಯಿ! ನೀ ಹೊಗಳಾಕತ್ತೀಯೆಲ್ಲ!"

"ಸತ್ತವ್ರನ್ನ ಬೈತಾರೇನ್ರಿ? ಮಣ್ಣಿನ ಮುಂದ ಗುಣಾನ ಹೇಳಬೇಕು," ಅಂದು ದುರುಗಮ್ಮ ಮುಂದುವರಿಸಿದಳು.

ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಊರೆಲ್ಲ ಹಂಪಣ್ಣನ ಪಕ್ಷ ಸೇರುತ್ತದೆ ಅಂತ ಶಂಭುಲಿಂಗಪ್ಪನವರಿಗೆ ಹೊಳೆಯಿತು. ಗೊಂಬೆಯನ್ನು ಬೇಗ ಬೇಗ ಕುಣಿಗಿಳಿಸಿ, ತಾವೇ ಒಂದು ಹಿಡಿ ಮಣ್ಣು ತೆಗೆದುಕೊಂಡರು. ದುರುಗಮ್ಮ ಅಳು ನಿಲ್ಲಿಸಿದಳು.

"ಸಾವುಕಾರ್ರ, ಮೊದಲ ಮಣ್ಣು ನೀವು ಹಾಕ್ತೀರೇನ್ರಿ?"

"ಯಾಕ, ಹಾಕಬಾರದೇನು?"

"ಹಾಕ್ರಿ. ಮೊದಲ ಮಣ್ಣು ಹಾಕಿದವ್ರು ವಾರಸುದಾರ್ರು. ಸತ್ತವ್ರು ಬಿಟ್ಟುಹೋದ ಕೆಲಸ ಎಲ್ಲಾ ಅವರ ಕೊರಳಿಗೆ. ಸೇತುವಿ ನೀವ ಕಟ್ಟಬೇಕಾಗ್ತದ, ಬಾವಿ ನೀವ ತೋಡಸಬೇಕಾಗ್ತದ. ಊರು ಮಂದಿ ಸಾಕ್ಷಿ ಅದಾರ."

ಶಂಭುಲಿಂಗಪ್ಪನವರ ಮುಷ್ಟಿ ತಾನಾಗಿ ಸಡಿಲವಾಯಿತು. ಮಣ್ಣು ಅವರ ಹೊಸ ಧೋತರದ ಮೇಲೆ ಸುರಿಯಿತು. ಮುದುಕಪ್ಪನ ಕಡೆ ನೋಡಿದರು. ಮುದುಕಪ್ಪ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಪಕ್ಷದವರೆಲ್ಲ ಒಬ್ಬರ ಹಿಂದೊಬ್ಬರು ಸರಿದು ನಿಂತರು. ಹಾಗಾದರೆ ಹೆತ್ತವರೇ ಬಂದು ಮಣ್ಣು ಹಾಕಲಿ ಅಂತ ಕೊನೆಗೆ ರಾಯಚೂರಿಗೆ ಆಳು ಕಳಿಸಿದರು. ಮರುದಿನ ಹಂಪಣ್ಣನವರ ಉತ್ತರ ಬಂತು: "ನನ್ನ ಆಶ್ವಾಸನೆಗಳೆಲ್ಲ ಗಟ್ಟಿಮುಟ್ಟಾಗಿ ಬದುಕಿವೆ. ಮಣ್ಣಿಗೆ ಬರುವ ಪ್ರಶ್ನೆಯೇ ಇಲ್ಲ." ಬಂದರೆ ಸತ್ತವು ಅಂತ ಒಪ್ಪಿಕೊಂಡಂತೆ, ಅವರೇಕೆ ಬರುತ್ತಾರೆ?

ಕುಣಿ ಹಾಗೇ ಬಾಯಿ ತೆರೆದುಕೊಂಡು ಉಳಿಯಿತು.

ಕೇರಿಯವರು ಬೆಳಿಗ್ಗೆ ಎದ್ದು ನೋಡಿದರು. ಅಪ್ಪ ಅಜ್ಜರ ಕಾಲದಿಂದ ಅವರು ಬಾವಿ ಕಡಿಯಲು ಅಪ್ಪಣೆ ಕೇಳಿದ್ದಾರೆ, ಗೌಡಕಿ ಮನೆತನ ಕೊಟ್ಟಿಲ್ಲ. ಕುಣಿ ಕಡಿಯಲು ಮಾತ್ರ ಯಾರ ಅಪ್ಪಣೆಯೂ ಬೇಡ. ಅದು ಅವರ ಕೆಲಸ, ಮಾಡದಿದ್ದರೇ ತಪ್ಪು. ದುರುಗಮ್ಮ ಗಂಡನ ಕೈಗೆ ಗುದ್ದಲಿ ಕೊಟ್ಟಳು. ಗೊಂಬೆಯನ್ನು ಕುರ್ಚಿಯ ಸಮೇತ ಮೇಲೆತ್ತಿ ಬೇವಿನ ನೆರಳಿಗೆ ಕೂರಿಸಿದರು, ಕುಣಿಗಿಳಿದರು.

ಸುದ್ದಿ ತಿಳಿದ ಗೌಡರು ಧಾವಿಸಿ ಬಂದರು. ಮಣ್ಣಿನ ಗುಡ್ಡೆ ಬೆಳೆದಿತ್ತು.

"ಗದ್ಯಾ! ಏನ್ ಮಾಡಾಕತ್ತೀಯೋ?"

"ಕುಣಿ ಕಡ್ಯಾಕತ್ತೀನ್ರಿ ಧಣಿ."

"ಎಷ್ಟು ಆಳ ಕಡೀತಿ?"

"ಹೆಣದ ಅಳತಿಗೆ ಕಡೀಬೇಕಲ್ರಿ. ಸೇತುವಿ ಅದ, ಸಾಲಿ ಅದ, ಮೋಟಾರ ಅದ. ಇಷ್ಟು ತಗ್ಗಿನಾಗ ಹೆಂಗ ಹಿಡೀತಾವ್ರಿ?"

"ಮುಚ್ಚೋ ಮಗನ!"

"ಮುಚ್ಚತೀನ್ರಿ. ಮೊದಲ ಮಣ್ಣು ನೀವ ಹಾಕ್ರಿ ಧಣಿ."

ಗೌಡರು ಎರಡು ಹೆಜ್ಜೆ ಹಿಂದೆ ಸರಿದರು. ಹಂಪಣ್ಣನ ಕಡೆಯವರು ಅವರು. ಮಣ್ಣು ಹಾಕಿದರೆ ತಮ್ಮ ನಾಯಕನ ಆಶ್ವಾಸನೆಗಳನ್ನು ತಾವೇ ಹೂಳಿದ ಹಾಗೆ. ಹಲ್ಲು ಕಡಿಯುತ್ತ ಮನೆಗೆ ಹೋದರು. ಮನೆಯಲ್ಲಿ ಚನ್ನಮಲ್ಲಮ್ಮ ಆ ಮಣ್ಣಿನ ಹಾಡನ್ನೇ ಗುನುಗುತ್ತಿದ್ದದ್ದು ಅವರ ಸಿಟ್ಟಿಗೆ ತುಪ್ಪ ಸುರಿಯಿತು.

ಗರಸು ಮಣ್ಣು ಮುಗಿದು ಕಲ್ಲು ಹತ್ತಿತು. ಗುದ್ದಲಿ ಠಣ್ ಅಂದಿತು. ಕಲ್ಲು ಒಡೆಯುವ ಅಬ್ದುಲ್ ವಹೀದ್ ಹಾರೆ, ಸುತ್ತಿಗೆ ಹೊತ್ತು ತಾನಾಗಿ ಬಂದ. ಅವನ ತಾಯಿಯ ಮಣ್ಣಿಗೂ ಗೋರಿಯ ಆಚೆ ನಿಂತು ದುರುಗಮ್ಮ ಅತ್ತಿದ್ದಳು. ಅವತ್ತು ಅವಳಿಗೆ ಏನೂ ಕೊಟ್ಟಿರಲಿಲ್ಲ, ಈಗ ಕಲ್ಲು ಒಡೆದು ಕೊಡುತ್ತೇನೆ ಅಂದ. ಯುಗಾದಿ ಬಂತು, ಹೋಯಿತು. ಗೋಪಮ್ಮ ಹೆಣ್ಣು ಹೆತ್ತಳು. ಕುಣಿಯ ತಳ ಒಣಗಿಯೇ ಇತ್ತು. ದುರುಗಮ್ಮ ಹಳ್ಳದಿಂದ ಬೊಗಸೆ ಬೊಗಸೆ ತುಂಬಿ ತಂದ ಒಂದು ಕೊಡದಲ್ಲಿ ಸೊಸೆಗೂ ಮೊಮ್ಮಗಳಿಗೂ ಎರೆದಳು. ಸೊಸೆ ನಡುಗಿದಳು. ಜಿಲ್ಲೆಗೆಲ್ಲ ಅಳುವವಳು ಆ ದಿನ ಯಾರಿಗೂ ಕೇಳದ ಹಾಗೆ ಅತ್ತಳು.

ಅದಾದ ವಾರಕ್ಕೆ ಕಲ್ಲಿನ ಸೀಳಿನಿಂದ ನೀರು ಚಿಮ್ಮಿತು.

ನೀರು ಬಿದ್ದ ಸುದ್ದಿ ಮೋಟಾರಿಗಿಂತ ಜೋರಾಗಿ ಹೋಗುತ್ತದೆ. ಹಂಪಣ್ಣನವರು ರಾಯಚೂರಿನಿಂದ ಹಾರ, ತೆಂಗಿನಕಾಯಿ, ಅರಿಸಿನ ಕುಂಕುಮ ಹಚ್ಚಿದ ತಾಮ್ರದ ಕೊಡ, ಹೊಸ ಪುಂಡಿ ನಾರಿನ ಹಗ್ಗ ತೆಗೆದುಕೊಂಡು ಬಂದಿಳಿದರು. "ಕೊಟ್ಟ ಮಾತು ನಡಸೀನಿ" ಅಂದರು. ಅಷ್ಟರಲ್ಲಿ ಮಾನ್ವಿಯಿಂದ ಶಂಭುಲಿಂಗಪ್ಪನವರೂ ಬಂದರು. "ನಿಮ್ಮ ಮಾತು ಸತ್ತಿತ್ತು. ಕುಣಿ ಕಡಿಸಿದವ್ರು ನಾವು. ಬಾವಿ ನಮ್ಮ ಪಕ್ಷದ್ದು" ಅಂದರು.

"ಸತ್ತಿದ್ರ ನೀರು ಹೆಂಗ ಬಂತ್ರಿ?"

"ಬದುಕಿದ್ರ ನೀವು ಒಂದು ಬುಟ್ಟಿ ಮಣ್ಣಾದ್ರೂ ಹೊತ್ತೀರೇನ್ರಿ?"

ಇಬ್ಬರ ಬೆಂಬಲಿಗರೂ ತೋಳೇರಿಸಿದರು. ಬಾವಿಯ ಸುತ್ತ ಜಾತ್ರೆಯಂತೆ ಜನ. ಕೆಳಗೆ ಮೊಣಕಾಲುದ್ದ ನೀರಲ್ಲಿ ನಿಂತಿದ್ದ ಗದ್ದೆಪ್ಪ, ಇಳಿಬಿಟ್ಟ ತಾಮ್ರದ ಕೊಡವನ್ನು ಮುಳುಗಿಸಿ ಕೊಟ್ಟ. ವಹೀದ್ ಮೇಲೆಳೆದ. ದುರುಗಮ್ಮ ಅದರಿಂದ ಒಂದು ಚರಿಗೆ ತುಂಬಿಕೊಂಡು ಇಬ್ಬರ ನಡುವೆ ಬಂದು ನಿಂತಳು.

"ಜಗಳ ಯಾಕ್ರಿ ಯಪ್ಪಾ. ಬಾವಿ ಯಾರದೋ ಅವ್ರು ಮೊದಲ ಕುಡೀರಿ."

ಹಂಪಣ್ಣನವರು ಚರಿಗೆಯನ್ನು ನೋಡಿದರು. ಅದನ್ನು ಹಿಡಿದ ಕೈಯನ್ನು ನೋಡಿದರು. ಆಮೇಲೆ ಆಕಾಶ ನೋಡಿದರು.

"ನಾ ಸೋಮವಾರ ನಿರಾಹಾರ ಇರ್ತೀನಬೇ. ನೀರೂ ಮುಟ್ಟಂಗಿಲ್ಲ."

"ನನ್ನದೂ ಸೋಮವಾರ ಭಾಳ ಕಟ್ಟುನಿಟ್ಟು," ಅಂದರು ಶಂಭುಲಿಂಗಪ್ಪನವರು ತಡಮಾಡದೆ.

ಎರಡು ಪಕ್ಷಗಳೂ ಒಮ್ಮತಕ್ಕೆ ಬಂದದ್ದು ಅದೊಂದೇ ಮಾತಿಗೆ. ಅವತ್ತು ಬುಧವಾರ.

ಹಂಪಣ್ಣನವರ ಮೋಟಾರು ಹೊರಟಿತು, ಹಿಂದೆಯೇ ಶಂಭುಲಿಂಗಪ್ಪನವರದೂ. ತಾಮ್ರದ ಕೊಡವನ್ನು ಯಾರೂ ವಾಪಸು ಒಯ್ಯಲಿಲ್ಲ. ಆ ನೀರು ಮುಟ್ಟಿದ ಮೇಲೆ ಅದು ಅವರ ಮನೆಗೆ ಬರುವಂತಿರಲಿಲ್ಲ. ದುರುಗಮ್ಮ ಚರಿಗೆಯ ನೀರನ್ನು ತಾನೇ ಗಟಗಟ ಕುಡಿದಳು. ಗದ್ದೆಪ್ಪ ಮೇಲೆ ಹತ್ತಿ ಬಂದ. ಗೋಪಮ್ಮ ಕೂಸನ್ನು ಎತ್ತಿಕೊಂಡು ಗುಡಿಸಲ ಬಾಗಿಲಲ್ಲಿ ನಿಂತಿದ್ದಳು. ಒಲೆಯ ಮೇಲೆ ಖಾಲಿ ಹಂಡೆ ಇತ್ತು.

ದುರುಗಮ್ಮ ಹಗ್ಗ ಹಿಡಿದು ಕೊಡವನ್ನು ಬಾವಿಗೆ ಬಿಟ್ಟಳು. ಎಳೆದಳು. ಕೊಡ ಖಾಲಿ ಬಂತು. ಮತ್ತೆ ಬಿಟ್ಟಳು. ಕೊಡ ನೀರಿನ ಮೇಲೆ ತೇಲುತ್ತ ಅತ್ತಿಂದಿತ್ತ ಆಡಿತೇ ಹೊರತು ಮುಳುಗಲಿಲ್ಲ. ಅವಳು ಬೇರೆ ಹೆಂಗಸರ ಮುಖ ನೋಡಿದಳು. ಅವರೂ ಅವಳ ಮುಖ ನೋಡಿದರು. ಬುದ್ಧಿ ಬಂದಾಗಿನಿಂದ ನೀರು ಹೊತ್ತ ತಲೆಗಳು ಅವು. ಆದರೆ ಬಾವಿಯ ಹಗ್ಗ ಅವರಲ್ಲಿ ಒಬ್ಬರೂ ಹಿಡಿದವರಲ್ಲ. ಸೇದುವುದು ಹೇಗೆ ಅಂತ ಇಡೀ ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೇಲಿನ ಓಣಿಯಿಂದ ನೋಡಲು ಬಂದ ನಮಗೆ ಅದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ತಗ್ಗಿನ ಅಂಚಿನಿಂದ ಚನ್ನಮಲ್ಲಮ್ಮನ ದೊಡ್ಡ ಬಾಯಿ ಕೇಳಿಸಿತು. ಅಲ್ಲಿಂದ ಒಂದು ಹೆಜ್ಜೆ ಮುಂದಿಡದಿದ್ದರೂ ಸುಮ್ಮನಿರಲು ಅವಳಿಂದ ಆಗಲಿಲ್ಲ.

"ಜಾಡಸಬೇ ದುರುಗೀ! ಹಗ್ಗ ಒಂದು ಮಗ್ಗಲಕ ಜಾಡಸು! ಕೊಡ ಬಾಯಿ ಬಗ್ಗಸ್ತದ!"

ದುರುಗಮ್ಮ ಜಾಡಿಸಿದಳು. ಕೊಡ ಮಗುಚಿತು, ಗುಳುಗುಳು ಅಂತ ಮುಳುಗಿತು. ಎಳೆದರೆ ಏಳಲೊಲ್ಲದು.

"ಯಪ್ಪಾ, ಇಷ್ಟು ಭಾರ ಇರ್ತದೇನಬೇ?" ಅಂತ ಅವಳು ಕೂಗಿದಳು.

"ಹೂಂ ಮತ್ತ! ನಿಮಗೆಲ್ಲಾ ಸುರುವಿ ಸುರುವಿ ನನ್ನ ರಟ್ಟಿ ಬಿದ್ದು ಹೋಗ್ಯಾವ!"

ಕೇರಿ ನಕ್ಕಿತು. ಗದ್ದೆಪ್ಪ ಸಹಾಯಕ್ಕೆ ಕೈ ಚಾಚಿದ. ದುರುಗಮ್ಮ ಮೊಣಕೈಯಿಂದ ಅವನನ್ನು ತಳ್ಳಿದಳು. ಹೊಸ ಹಗ್ಗ ಅಂಗೈ ಸುಲಿಯುತ್ತಿದ್ದರೂ ಬಿಡದೆ, ತುಂಬಿದ ಕೊಡವನ್ನು ತಾನೇ ಮೇಲೆಳೆದು, ಹೊತ್ತೊಯ್ದು ಹಂಡೆಗೆ ಸುರಿದು, ಬಂದು ಮತ್ತೆ ಬಾವಿಗೆ ಬಿಟ್ಟಳು. ಹಂಡೆ ತುಂಬಿ ಹೊರಚೆಲ್ಲಿದರೂ ಅವಳು ಸೇದುತ್ತಲೇ ಇದ್ದಳು.